ನೂರರಲ್ಲಿ ಅರವತ್ತು: ಒಂದು ಗೂಡ್ಸ್ ರೈಲು ಕಂಪೆನಿಯ ಜಮಾಖರ್ಚು

(ಸಂಘದ ರಾತ್ರಿಶಾಲೆಯ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಕಂಪೆನಿಯೊಂದರ ಜಮಾಖರ್ಚನ್ನು ಕೆಲಸಗಾರನಾದವನು ಹೇಗೆ ಓದಬೇಕು ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಹೇಳಿದರು. ಜಮಾಖರ್ಚು ಎಂದೊಡನೆ ಅದು ಧಣಿಗಳ ಕೆಲಸ, ಗುಮಾಸ್ತರ ಕೆಲಸ, ನಮಗೇಕೆ ಎಂದು ನಮ್ಮಲ್ಲಿ ಹಲವರು ಮುಖ ತಿರುಗಿಸುವುದುಂಟು. ಆದರೆ ಆ ಪುಸ್ತಕದ ಒಂದು ಸಾಲಿನಲ್ಲಿ ನಮ್ಮ ಸಂಬಳವಿದೆ. ಇನ್ನೊಂದು ಸಾಲಿನಲ್ಲಿ ನಮ್ಮ ರಜೆಯಿದೆ. ಮೂರನೆಯ ಸಾಲಿನಲ್ಲಿ ಮುಂದಿನ ವರ್ಷ ನಮಗೆ ಕೆಲಸವಿರುತ್ತದೆಯೋ ಇಲ್ಲವೋ ಎಂಬುದೂ ಇದೆ. ಆದುದರಿಂದ ಅದನ್ನು ಓದಲು ಕಲಿಯುವುದು ನಮ್ಮ ಕೆಲಸವೇ ಆಗಿದೆ.

ಉದಾಹರಣೆಗೆಂದು ನಾನು ಒಂದೇ ಕಂಪೆನಿಯನ್ನು ಆರಿಸಿಕೊಂಡಿದ್ದೇನೆ. ಅದು ಅಮೆರಿಕದ ಯೂನಿಯನ್ ಪೆಸಿಫಿಕ್ ಎಂಬ ರೈಲು ಕಂಪೆನಿ. ಇಷ್ಟು ದೂರದ ಕಂಪೆನಿ ಏಕೆಂದು ಕೇಳಬಹುದು. ಎರಡು ಕಾರಣಗಳಿವೆ. ಷೇರುಪೇಟೆಯಲ್ಲಿರುವ ಕಂಪೆನಿಯಾದ್ದರಿಂದ ಅದರ ಲೆಕ್ಕಗಳು ಬಹಿರಂಗವಾಗಿವೆ. ಇನ್ನು, ಅದು ಸಾಮಾನು ಸಾಗಿಸುವುದೊಂದನ್ನೇ ಬದುಕಾಗಿ ಮಾಡಿಕೊಂಡಿರುವ ಕಂಪೆನಿ; ವ್ಯಾಪಾರ ಒಂದೇ ಬಗೆಯದಾದಾಗ ಲೆಕ್ಕ ತಿಳಿಯುವುದು ಸುಲಭ.

ಮೊದಲು ಕಂಪೆನಿಯ ಗಾತ್ರವನ್ನು ನೋಡೋಣ. ಇದರ ಮುಖ್ಯ ಕಚೇರಿ ನೆಬ್ರಾಸ್ಕ ರಾಜ್ಯದ ಒಮಾಹಾ ಊರಿನಲ್ಲಿದೆ. ಅಮೆರಿಕದ ಪಶ್ಚಿಮ ಭಾಗದ 23 ರಾಜ್ಯಗಳಲ್ಲಿ ಸುಮಾರು 32 ಸಾವಿರ ಮೈಲಿ, ಅಂದರೆ 51 ಸಾವಿರ ಕಿಲೋಮೀಟರಿನಷ್ಟು ಹಾದಿ ಇದರ ಕೈಯಲ್ಲಿದೆ. ನಮ್ಮ ಭಾರತೀಯ ರೈಲ್ವೆಯ ಇಡೀ ಹಾದಿ ಸುಮಾರು 69 ಸಾವಿರ ಕಿಲೋಮೀಟರ್ ಎಂಬುದನ್ನು ನೆನೆದರೆ ಈ ಒಂದೇ ಕಂಪೆನಿ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಹಳಿ ಅದರದೇ, ಹಳಿಯ ಕೆಳಗಿನ ನೆಲ ಬಹುಮಟ್ಟಿಗೆ ಅದರದೇ, ಎಂಜಿನೂ ಅದರದೇ. ಸರಕಾರದ್ದಲ್ಲ.

ಆದರೆ ಸರಕಾರದ ಸಹಾಯವಿಲ್ಲದೆ ಅದು ಹುಟ್ಟಲಿಲ್ಲ. 1862ರಲ್ಲಿ ಅಬ್ರಹಾಂ ಲಿಂಕನ್ ಅವರು ಪೆಸಿಫಿಕ್ ರೈಲ್ವೆ ಕಾಯಿದೆಗೆ ಸಹಿ ಹಾಕಿದರು. ಹಾಕಿದ ಮೈಲಿಗೆ ಇಷ್ಟೆಂದು ಸಾಲದ ಪತ್ರ, ಮೈಲಿಗೆ ಇಷ್ಟೆಂದು ಭೂಮಿ, ಇವನ್ನು ಸರಕಾರ ಕೊಟ್ಟಿತು. ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಹಳಿ ಹಾಕುತ್ತ ಬಂದು 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಕೂಡಿದವು. ಚಿನ್ನದ ಮೊಳೆ ಹೊಡೆದ ಆ ದಿನದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮೊದಲು, 1867ರ ಜೂನ್ ತಿಂಗಳಲ್ಲಿ, ಸೆಂಟ್ರಲ್ ಪೆಸಿಫಿಕ್ಕಿನ ಬೆಟ್ಟದ ಸುರಂಗಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಚೀನೀ ಕೂಲಿಗಳು ಬಿಳಿಯರಿಗೆ ಸಮನಾದ ಕೂಲಿ ಬೇಕು, ದುಡಿಮೆಯ ಹೊತ್ತು ಕಡಿಮೆಯಾಗಬೇಕು ಎಂದು ಮುಷ್ಕರ ಹೂಡಿದ್ದನ್ನು ಹೇಳುವವರು ಕಡಿಮೆ. ಕಂಪೆನಿ ಅವರಿಗೆ ಬರುತ್ತಿದ್ದ ಆಹಾರವನ್ನೇ ನಿಲ್ಲಿಸಿತು. ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿಯಿತು. ಕಂಪೆನಿಯ ಮೊದಲ ಜಮಾಖರ್ಚು ಬರೆದದ್ದು ಹೀಗೆ.

ಆ ಕಾಲಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ. ಆ ಕಾಯಿದೆಯಾದಾಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. 1861ರಿಂದ 1865ರವರೆಗೆ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸರಿಯಾಗಿ ಹೋಗಲಿಲ್ಲ. ಆಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ, ಅಲ್ಲಿಂದ ಮುಂಬಯಿಗೆ ಅರಳೆ ಸಾಗಿತು. ಯುದ್ಧ ಮುಗಿದೊಡನೆ ಬೆಲೆ ಬಿತ್ತು. 1865ರಲ್ಲಿ ಮುಂಬಯಿಯ ಎಷ್ಟೋ ಪೇಢಿಗಳು ದಿವಾಳಿಯಾದವು. ದೂರದ ದೇಶದ ರೈಲು, ಹತ್ತಿ, ಯುದ್ಧ, ಇವು ನಮ್ಮ ತಟ್ಟೆಯ ಅನ್ನಕ್ಕೆ ಸಂಬಂಧವಿಲ್ಲದವು ಎಂದು ಹೇಳುವಂತಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 2024ನೆಯ ಇಸವಿಯಲ್ಲಿ ಯೂನಿಯನ್ ಪೆಸಿಫಿಕ್ಕಿನ ಒಟ್ಟು ಹುಟ್ಟುವಳಿ ಸುಮಾರು 2,425 ಕೋಟಿ ಡಾಲರ್. ಇಷ್ಟು ದೊಡ್ಡ ಅಂಕೆ ತಲೆಗೆ ಹತ್ತುವುದಿಲ್ಲ. ಹಾಗಾಗಿ ಅದನ್ನು ನಮ್ಮ ಹೋಟೆಲಿನ ಗಲ್ಲಾಕ್ಕೆ ಇಳಿಸೋಣ. ಇಡೀ ವರ್ಷ ಗಲ್ಲಾಕ್ಕೆ ನೂರು ರೂಪಾಯಿ ಬಂತೆಂದು ಇಟ್ಟುಕೊಳ್ಳಿ. ಅದರಲ್ಲಿ ಕೆಲಸಗಾರರ ಸಂಬಳ, ಭತ್ಯೆ, ಆರೋಗ್ಯದ ವಿಮೆ ಇತ್ಯಾದಿಗಳಿಗೆ ಹೋದದ್ದು 20 ರೂಪಾಯಿ. ಡೀಸೆಲ್ ಎಣ್ಣೆಗೆ 10. ಹೊರಗಿನವರಿಂದ ಮಾಡಿಸಿಕೊಂಡ ಕೆಲಸಕ್ಕೂ ಸಾಮಾನಿಗೂ 10. ಹಳಿ, ಎಂಜಿನು, ಸೇತುವೆಗಳ ಸವಕಳಿಗೆ 10. ಬಾಡಿಗೆಗೆ ತಂದ ವ್ಯಾಗನು ಮೊದಲಾದವಕ್ಕೆ ಸುಮಾರು 4. ಇತರ ಖರ್ಚು ಐದೂವರೆ. ಎಲ್ಲ ಕೂಡಿಸಿದರೆ ಸುಮಾರು 60. ಪುಸ್ತಕದಲ್ಲಿ ಕರಾರುವಾಕ್ಕಾಗಿ ಇರುವುದು 59.9.

ಈ 59.9 ಎಂಬ ಅಂಕೆಗೆ ಅಲ್ಲಿಯ ರೈಲ್ವೆಯವರು ಆಪರೇಟಿಂಗ್ ರೇಶಿಯೋ ಎನ್ನುತ್ತಾರೆ. ನಾವು ಖರ್ಚಿನ ಪ್ರಮಾಣ ಎಂದು ಕರೆಯೋಣ. ನೂರು ರೂಪಾಯಿ ಗಳಿಸಲು ಎಷ್ಟು ಖರ್ಚಾಯಿತು ಎಂಬುದೇ ಅದರ ಅರ್ಥ. ಉಳಿದ 40ರಲ್ಲಿ ಸಾಲದ ಬಡ್ಡಿ ಕಳೆದು, ತೆರಿಗೆ ಕಳೆದು, ಚಿಲ್ಲರೆ ವರಮಾನ ಕೂಡಿಸಿದರೆ ನಿವ್ವಳ ಲಾಭ ಸುಮಾರು 28 ರೂಪಾಯಿ. ಡಾಲರಿನಲ್ಲಿ 675 ಕೋಟಿ. ನಮ್ಮಲ್ಲಿ ಹೋಟೆಲು ನಡೆಸುವವರು ಯಾರಾದರೂ ಈ ಸಭೆಯಲ್ಲಿದ್ದರೆ, ತೆರಿಗೆ ಕೊಟ್ಟಮೇಲೂ ನೂರಕ್ಕೆ 28 ಉಳಿಯುವ ವ್ಯಾಪಾರ ಎಂಥದೆಂದು ಅವರೇ ಹೇಳಲಿ.

ಹಿಂದೆ ಅದು ಹೀಗಿರಲಿಲ್ಲ. 2005ರ ಸುಮಾರಿಗೆ ಇದೇ ಕಂಪೆನಿಯ ಖರ್ಚಿನ ಪ್ರಮಾಣ ನೂರಕ್ಕೆ 85ನ್ನು ಮೀರಿತ್ತು. 2010ರಲ್ಲಿ 70ರ ಆಸುಪಾಸಿಗೆ ಬಂತು. 2021ರಲ್ಲಿ 57ರ ಹತ್ತಿರ ಇಳಿಯಿತು. ಹದಿನೈದು ಹದಿನಾರು ವರ್ಷಗಳಲ್ಲಿ ನೂರಕ್ಕೆ ಮೂವತ್ತರಷ್ಟು ಖರ್ಚು ಕರಗಿತು. ಇದು ಹೇಗಾಯಿತು? ಇದಕ್ಕೆ ಉತ್ತರ ಹುಡುಕುವುದೇ ಜಮಾಖರ್ಚನ್ನು ಓದುವ ವಿದ್ಯೆ.

ಒಂದನೆಯ ಕಾರಣ ಕಾಯಿದೆ. ಹಿಂದೆ ಅಲ್ಲಿಯ ರೈಲು ದರಗಳನ್ನು ಸರಕಾರವೇ ಕಟ್ಟುತ್ತಿತ್ತು. ಲಾರಿಗಳ ಪೈಪೋಟಿ ಬಂದಮೇಲೆ ರೈಲು ಕಂಪೆನಿಗಳು ಸೊರಗಿದವು. 1970ರಲ್ಲಿ ಪೆನ್ ಸೆಂಟ್ರಲ್ ಎಂಬ ಭಾರಿ ಕಂಪೆನಿ ದಿವಾಳಿಯೆದ್ದಿತು. 1971ರಲ್ಲಿ ಆಮ್‌ಟ್ರಾಕ್ ಎಂಬ ಸಂಸ್ಥೆ ಪ್ರಯಾಣಿಕರ ಗಾಡಿಗಳ ಹೊರೆಯನ್ನು ಹೊತ್ತುಕೊಂಡಿತು. ಯೂನಿಯನ್ ಪೆಸಿಫಿಕ್ ಅಂದಿನಿಂದ ಗೂಡ್ಸಿನ ಕಂಪೆನಿಯಾಯಿತು. 1980ರ ಸ್ಟ್ಯಾಗರ್ಸ್ ಕಾಯಿದೆ ದರ ಕಟ್ಟುವ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಕಂಪೆನಿಗಳಿಗೇ ಬಿಟ್ಟಿತು. ಲಾಭವಿಲ್ಲದ ಹಾದಿಗಳನ್ನು ಮುಚ್ಚುವುದು, ಮಾರುವುದು ಸುಲಭವಾಯಿತು. ಆ ಕಾಯಿದೆಯಿಂದ ಕಂಪೆನಿಗಳು ಬದುಕಿದವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಮೊದಮೊದಲು ಗಿರಾಕಿಗಳಿಗೂ ದರ ಇಳಿಯಿತು.

ಎರಡನೆಯ ಕಾರಣ, ಒಂದು ಇನ್ನೊಂದನ್ನು ನುಂಗಿದ್ದು. 1980ರಲ್ಲಿ ಹತ್ತಾರು ಇದ್ದ ದೊಡ್ಡ ಕಂಪೆನಿಗಳು ಬೆರಳೆಣಿಕೆಗೆ ಬಂದವು. 1996ರಲ್ಲಿ ಯೂನಿಯನ್ ಪೆಸಿಫಿಕ್ ತನ್ನ ಪಕ್ಕದ ಸದರ್ನ್ ಪೆಸಿಫಿಕ್ಕನ್ನು ಸೇರಿಸಿಕೊಂಡಿತು; ಆ ಚೀನೀ ಕೂಲಿಗಳು ಕಟ್ಟಿದ ಬೆಟ್ಟದ ಹಾದಿಯೂ ಇದರ ಪಾಲಿಗೆ ಬಂತು. ಪಶ್ಚಿಮ ಅಮೆರಿಕದಲ್ಲಿ ಈಗ ಎರಡೇ ಭಾರಿ ಕಂಪೆನಿಗಳು: ಇದು ಒಂದು, ಬಿಎನ್‌ಎಸ್‌ಎಫ್ ಇನ್ನೊಂದು. ಹೆದ್ದಾರಿಯ ಊರಿನಲ್ಲಿ ಎರಡೇ ಹೋಟೆಲುಗಳಿದ್ದರೆ ದೋಸೆಯ ಬೆಲೆಯನ್ನು ಕಟ್ಟುವವರು ಯಾರೆಂಬುದು ನಿಮಗೆ ಗೊತ್ತು. ಎಷ್ಟೋ ಕಾರ್ಖಾನೆಗಳ ಬಾಗಿಲಿಗೆ ಒಂದೇ ಕಂಪೆನಿಯ ಹಳಿ ಬರುತ್ತದೆ. ಅಂಥ ಗಿರಾಕಿಗೆ ಬೇರೆ ದಾರಿಯಿಲ್ಲ.

ಮೂರನೆಯ ಕಾರಣ ನಮಗೆ ಹೆಚ್ಚು ಮುಖ್ಯವಾದದ್ದು. ಹಂಟರ್ ಹ್ಯಾರಿಸನ್ ಎಂಬೊಬ್ಬ ಗಟ್ಟಿಗ ಮ್ಯಾನೇಜರರಿದ್ದರು. ಇಲಿನಾಯ್ ಸೆಂಟ್ರಲ್, ಕೆನಡಿಯನ್ ನ್ಯಾಷನಲ್, ಕೆನಡಿಯನ್ ಪೆಸಿಫಿಕ್, ಕೊನೆಗೆ ಸಿಎಸ್‌ಎಕ್ಸ್, ಹೀಗೆ ಒಂದಾದ ಮೇಲೊಂದು ಕಂಪೆನಿಯನ್ನು ನಡೆಸಿದರು, 2017ರಲ್ಲಿ ತೀರಿಕೊಂಡರು. ಅವರ ಪದ್ಧತಿಗೆ ವೇಳಾಪಟ್ಟಿಯ ನಿಖರ ರೈಲ್ವೆ ಎಂದು ಹೆಸರು. ವ್ಯಾಗನು ಯಾರ್ಡಿನಲ್ಲಿ ಸುಮ್ಮನೆ ನಿಲ್ಲಕೂಡದು, ಗಾಡಿ ತುಂಬಲೆಂದು ಕಾಯದೆ ಗೊತ್ತಾದ ಹೊತ್ತಿಗೆ ಹೊರಡಬೇಕು, ಎಂಜಿನುಗಳು ಕಡಿಮೆಯಿರಬೇಕು, ಯಾರ್ಡುಗಳು ಕಡಿಮೆಯಿರಬೇಕು, ಜನ ಕಡಿಮೆಯಿರಬೇಕು. ಕೇಳಲು ಇದರಲ್ಲಿ ಒಳ್ಳೆಯದೂ ಉಂಟು. ನಿಂತ ವ್ಯಾಗನಿನಿಂದ ಯಾರಿಗೂ ಲಾಭವಿಲ್ಲ. ಆದರೆ ಈ ಪಾಠವನ್ನು ಷೇರುಪೇಟೆಯವರು ಓದಿದ್ದು ಕೊನೆಯ ಸಾಲಿನಿಂದ.

ಯೂನಿಯನ್ ಪೆಸಿಫಿಕ್ ಈ ಪದ್ಧತಿಯನ್ನು 2018ರ ಅಕ್ಟೋಬರಿನಲ್ಲಿ ಹಿಡಿಯಿತು. ಆ ವರ್ಷ ಅಲ್ಲಿ ಸುಮಾರು 42 ಸಾವಿರ ಜನ ದುಡಿಯುತ್ತಿದ್ದರು. 2020ಕ್ಕೆ ಸುಮಾರು 31 ಸಾವಿರ. ಎರಡೇ ವರ್ಷಗಳಲ್ಲಿ ನಾಲ್ವರಲ್ಲಿ ಒಬ್ಬ ಹೋದ. ಕರೋನಾ ಬಂದು ಸಾಗಾಟ ಇಳಿದದ್ದು ಇದಕ್ಕೆ ಒಂದು ಕಾರಣವಾದರೂ ಕಡಿತ ಶುರುವಾದದ್ದು ಅದಕ್ಕೂ ಮೊದಲು. ಗಾಡಿಗಳು ಉದ್ದವಾದವು. 2023ರ ಹೊತ್ತಿಗೆ ಸರಾಸರಿ ಗಾಡಿಯ ಉದ್ದ 9 ಸಾವಿರ ಅಡಿ ದಾಟಿತ್ತು. ಅಂದರೆ ಎರಡೂಮುಕ್ಕಾಲು ಕಿಲೋಮೀಟರ್. ಎಂಜಿನಿನಲ್ಲಿ ಇರುವವರು ಮಾತ್ರ ಇಬ್ಬರೇ: ಚಾಲಕ ಮತ್ತು ಕಂಡಕ್ಟರ್. ಗಿರಣಿಯಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸಾಂಚೆ ನೋಡುತ್ತಿದ್ದವನಿಗೆ ನಾಲ್ಕು ಸಾಂಚೆ ಕೊಟ್ಟರೆ ಸಂಬಳದ ಸಾಲು ಇಳಿಯುತ್ತದೆ, ದಾರ ಹರಿದದ್ದು ಎಷ್ಟೆಂಬ ಸಾಲು ಆ ಪುಸ್ತಕದಲ್ಲಿ ಇರುವುದಿಲ್ಲ.

ದಾರ ಹರಿದದ್ದು 2022ರಲ್ಲಿ ಕಾಣಿಸಿತು. ಕರೋನಾ ತಗ್ಗಿ ಸಾಮಾನು ಮತ್ತೆ ಬರತೊಡಗಿದಾಗ ಗಾಡಿ ಓಡಿಸಲು ಜನವಿಲ್ಲ. ಅಮೆರಿಕದ ಸರಕಾರದ ಸಾರಿಗೆ ಮಂಡಳಿ ಕಂಪೆನಿಗಳ ಮುಖ್ಯಸ್ಥರನ್ನು ಕರೆಸಿ ವಿಚಾರಣೆ ನಡೆಸಿತು. ಕ್ಯಾಲಿಫೋರ್ನಿಯದಲ್ಲಿ ಫಾಸ್ಟರ್ ಫಾರ್ಮ್ಸ್ ಎಂಬ ದೊಡ್ಡ ಕೋಳಿ ಸಾಕಣೆಯವರು, ಯೂನಿಯನ್ ಪೆಸಿಫಿಕ್ ಜೋಳದ ಗಾಡಿಗಳನ್ನು ಸಮಯಕ್ಕೆ ತರುತ್ತಿಲ್ಲ, ಕೋಳಿಗಳಿಗೂ ಹಸುಗಳಿಗೂ ಮೇವಿಲ್ಲದಂತಾಗಿದೆ ಎಂದು ಮಂಡಳಿಗೆ ದೂರು ಕೊಟ್ಟರು. ಜೋಳ ಸಾಗಿಸಬೇಕೆಂದು ಮಂಡಳಿ ತುರ್ತು ಆಜ್ಞೆ ಮಾಡಬೇಕಾಯಿತು. ಆ ವರ್ಷ ಕಂಪೆನಿಯ ಖರ್ಚಿನ ಪ್ರಮಾಣ 60ರ ಹತ್ತಿರವಿತ್ತು, ಲಾಭ 700 ಕೋಟಿ ಡಾಲರ್. ಲೆಕ್ಕದಲ್ಲಿ ಅದು ಬಹಳ ಒಳ್ಳೆಯ ವರ್ಷ.

ಅದೇ 2022ರಲ್ಲಿ ಅಲ್ಲಿಯ ರೈಲು ಕೆಲಸಗಾರರು ಮುಷ್ಕರದ ಹೊಸ್ತಿಲಿಗೆ ಬಂದರು. ಹನ್ನೆರಡು ಯೂನಿಯನ್ನುಗಳು, ಎಲ್ಲ ದೊಡ್ಡ ಕಂಪೆನಿಗಳನ್ನು ಕೂಡಿಸಿ ಲಕ್ಷಕ್ಕೂ ಮೀರಿದ ಕೆಲಸಗಾರರು. ಜಗಳ ಸಂಬಳದ್ದು ಮಾತ್ರವಾಗಿರಲಿಲ್ಲ. ಐದು ವರ್ಷಗಳ ಅವಧಿಗೆ ನೂರಕ್ಕೆ 24ರಷ್ಟು ಏರಿಕೆ ಕೊಡುವ ಮಾತು ಆಗಿತ್ತು. ಅವರ ಮುಖ್ಯ ಕೊರಗು ರಜೆಯದು. ಗಾಡಿ ಓಡಿಸುವವನಿಗೆ ಗೊತ್ತಾದ ಪಾಳಿಯಿಲ್ಲ. ಫೋನು ಯಾವಾಗ ಬಂದರೂ ಸ್ವಲ್ಪ ಹೊತ್ತಿನಲ್ಲೇ ಡ್ಯೂಟಿಗೆ ಹಾಜರಾಗಬೇಕು. ಜ್ವರ ಬಂದರೆ ಸಂಬಳ ಸಹಿತ ರಜೆ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಡಾಲರಿನಲ್ಲಿ ಸಂಬಳ ಎಣಿಸುವ, ಪ್ರಪಂಚದ ಅತ್ಯಂತ ಶ್ರೀಮಂತ ದೇಶದ ಎಂಜಿನ್ ಚಾಲಕ ಕೇಳಿದ್ದು ಕಾಯಿಲೆ ಬಿದ್ದಾಗ ಮಲಗುವ ಹಕ್ಕನ್ನು. ಹಂಡೆ ತೊಳೆಯುವ ನಮ್ಮ ಹುಡುಗ ಕೇಳುವುದೂ ಅದನ್ನೇ.

ನಾಲ್ಕು ಯೂನಿಯನ್ನುಗಳ ಸದಸ್ಯರು ಒಪ್ಪಂದವನ್ನು ತಿರಸ್ಕರಿಸಿದರು. ಆದರೆ ಅಲ್ಲಿ 1926ರ ರೈಲ್ವೆ ಕಾರ್ಮಿಕ ಕಾಯಿದೆಯೊಂದಿದೆ. ಅದರ ಹಾದಿ ಮುಗಿದಾಗ ಶಾಸನಸಭೆ ಮಧ್ಯೆ ಬರಬಹುದು. 2022ರ ಡಿಸೆಂಬರ್ 2ರಂದು ಅಧ್ಯಕ್ಷ ಬೈಡನ್ ಅವರು ಸಹಿ ಹಾಕಿದ ಕಾಯಿದೆ ಆ ಒಪ್ಪಂದವನ್ನು ಎಲ್ಲರ ಮೇಲೂ ಹೊರಿಸಿತು, ಮುಷ್ಕರ ನಿಂತಿತು. ಏಳು ದಿನಗಳ ಕಾಯಿಲೆ ರಜೆ ಕೊಡುವ ಮಸೂದೆಗೆ ಸೆನೆಟ್ಟಿನಲ್ಲಿ 52 ಮತಗಳು ಬಂದವು, 43 ವಿರುದ್ಧ. ಬೇಕಾಗಿದ್ದದ್ದು 60. ಹೆಚ್ಚು ಮತ ಬಂದೂ ಸೋತರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯೂನಿಯನ್ನುಗಳು ಬಿಡಲಿಲ್ಲ, ಪತ್ರಿಕೆಗಳು ಬಿಡಲಿಲ್ಲ. 2023ರಲ್ಲಿ ಯೂನಿಯನ್ ಪೆಸಿಫಿಕ್ಕೂ ಸೇರಿ ಕಂಪೆನಿಗಳು ಒಂದೊಂದಾಗಿ ಯೂನಿಯನ್ನುಗಳೊಡನೆ ಕಾಯಿಲೆ ರಜೆಯ ಕರಾರು ಮಾಡಿಕೊಂಡವು. ಕಾಯಿದೆಯ ಬಾಗಿಲು ಮುಚ್ಚಿದಾಗ ಸಂಘದ ಬಾಗಿಲು ತೆರೆದಿತ್ತು. ಇದನ್ನು ನೆನಪಿಟ್ಟುಕೊಳ್ಳೋಣ.

ಉಳಿತಾಯದ ಇನ್ನೊಂದು ಮುಖ ಅಪಾಯ. 2023ರ ಫೆಬ್ರವರಿ 3ರಂದು ಒಹಾಯೋ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಊರಿನಲ್ಲಿ ನಾರ್ಫೋಕ್ ಸದರ್ನ್ ಎಂಬ ಬೇರೊಂದು ಕಂಪೆನಿಯ ಗಾಡಿ ಹಳಿ ತಪ್ಪಿತು. ಒಂದು ಚಕ್ರದ ಬೇರಿಂಗು ಕಾದು ಕೆಟ್ಟದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ವಿನೈಲ್ ಕ್ಲೋರೈಡ್ ಎಂಬ ವಿಷದ ಟ್ಯಾಂಕುಗಳು ಅದರಲ್ಲಿದ್ದವು. ಊರವರು ಮನೆ ಬಿಟ್ಟು ಓಡಬೇಕಾಯಿತು. ಆ ವರ್ಷ ಒಂದರಲ್ಲೇ ಆ ಕಂಪೆನಿ ಇದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಖರ್ಚು ಬರೆಯಬೇಕಾಯಿತು. ಒಂದು ಬೇರಿಂಗಿನ ಬೆಲೆ ಎಷ್ಟು, ಅದರ ಕೇಡಿನ ಬೆಲೆ ಎಷ್ಟು! ಕೆಡುವ ಮೊದಲು ನೋಡುವ ಕಣ್ಣಿಗೂ ಕೈಗೂ ಕೊಟ್ಟ ಸಂಬಳ ವ್ಯರ್ಥ ಖರ್ಚಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ, ಉಳಿದ ಲಾಭ ಎಲ್ಲಿಗೆ ಹೋಗುತ್ತದೆ ನೋಡೋಣ. 2024ರಲ್ಲಿ ಯೂನಿಯನ್ ಪೆಸಿಫಿಕ್ ತನ್ನ ಹಳಿ, ಎಂಜಿನು, ಯಾರ್ಡುಗಳಿಗೆಂದು ಸುಮಾರು 340 ಕೋಟಿ ಡಾಲರ್ ಹಾಕಿತು. ಇದು ಸಣ್ಣ ಮೊತ್ತವಲ್ಲ. ಸರಕಾರದ ಮುಂದೆ ಕೈ ಚಾಚದೆ ತನ್ನ ಹಾದಿಯನ್ನು ತಾನೇ ದುರಸ್ತಿಯಲ್ಲಿ ಇಟ್ಟುಕೊಳ್ಳುತ್ತದೆಂಬುದು ಕಂಪೆನಿಯ ಹೆಗ್ಗಳಿಕೆ, ಅದು ನಿಜವೂ ಹೌದು. ಷೇರುದಾರರಿಗೆ ಲಾಭಾಂಶವಾಗಿಯೂ, ಪೇಟೆಯಿಂದ ತನ್ನದೇ ಷೇರುಗಳನ್ನು ತಿರುಗಿ ಕೊಂಡುಕೊಳ್ಳುವ ರೂಪದಲ್ಲಿಯೂ ಕೊಟ್ಟದ್ದು ಸುಮಾರು 470 ಕೋಟಿ. 2022ರಲ್ಲಿ ಈ ಬಾಬತ್ತು ಇನ್ನೂ ದೊಡ್ಡದಾಗಿತ್ತು: ಲಾಭ 700 ಕೋಟಿಯಾದರೆ ಷೇರುದಾರರ ಕೈಗೆ ಹೋದದ್ದು 900 ಕೋಟಿಗೂ ಮಿಗಿಲು. ಲಾಭಕ್ಕಿಂತ ಹೆಚ್ಚು ಹೇಗೆ ಕೊಟ್ಟರು? ಸಾಲ ತೆಗೆಯಲು ಕಂಪೆನಿಗೆ ಅಡ್ಡಿಯಿಲ್ಲ. 2024ರ ಕೊನೆಗೆ ಅದರ ಸಾಲ 3,000 ಕೋಟಿ ಡಾಲರನ್ನು ಮೀರಿತ್ತು. ಮನೆ ಗಟ್ಟಿಯಾಗಿರುವಾಗ ಸಾಲ ತೆಗೆದು ದಾಯಾದಿಗಳಿಗೆ ಹಂಚಿದರೆ ಹಬ್ಬದ ದಿನ ಯಾರೂ ಕೇಳುವುದಿಲ್ಲ. ಬರಗಾಲ ಬಂದಾಗ ಬಡ್ಡಿಯವನು ಮೊದಲು ಬಾಗಿಲಿಗೆ ಬರುತ್ತಾನೆ. ಕೆಲಸಗಾರ ಮೊದಲು ಬಾಗಿಲಿನಿಂದ ಹೊರಗೆ ಹೋಗುತ್ತಾನೆ.

ಇನ್ನು ಮುಂದಿನ ದಿನಗಳ ವಿಚಾರ. ಕಂಪೆನಿಯ ಸಾಗಾಟವನ್ನು ಮೂರು ರಾಶಿ ಮಾಡಬಹುದು. ಧಾನ್ಯ, ಗೊಬ್ಬರ, ಕಲ್ಲಿದ್ದಲು ಒಂದು ರಾಶಿ. ರಾಸಾಯನಿಕ, ಮರ, ಲೋಹ, ಕಲ್ಲುಮಣ್ಣು ಎರಡನೆಯದು. ಹಡಗಿನ ಪೆಟ್ಟಿಗೆಗಳು, ಮೋಟಾರು ಗಾಡಿಗಳು ಮೂರನೆಯದು. ಹೆಚ್ಚು ಕಡಿಮೆ ಒಂದೊಂದೂ ಮೂರರಲ್ಲಿ ಒಂದು ಪಾಲು ಹಣ ತರುತ್ತದೆ. ಇವುಗಳಲ್ಲಿ ಕಲ್ಲಿದ್ದಲು ಹಿಂದೊಮ್ಮೆ ಈ ಕಂಪೆನಿಯ ಬೆನ್ನೆಲುಬಾಗಿತ್ತು. ವಯೋಮಿಂಗ್ ರಾಜ್ಯದ ಗಣಿಗಳಿಂದ ಮೈಲುದ್ದದ ಗಾಡಿಗಳು ವಿದ್ಯುತ್ ಕೇಂದ್ರಗಳಿಗೆ ಓಡುತ್ತಿದ್ದವು. ನೈಸರ್ಗಿಕ ಅನಿಲ ಅಗ್ಗವಾಯಿತು, ಗಾಳಿ ಬಿಸಿಲುಗಳಿಂದ ವಿದ್ಯುತ್ತು ಬಂತು. ಕಲ್ಲಿದ್ದಲು ಇಳಿಯುತ್ತ ಬಂದಿದೆ. 2024ರಲ್ಲಿ ಒಟ್ಟು ಸಾಗಾಟ ನೂರಕ್ಕೆ ಮೂರರಷ್ಟು ಏರಿದರೂ ಹುಟ್ಟುವಳಿ ಏರಿದ್ದು ಒಂದರಷ್ಟೇ. ಏಕೆಂದರೆ ಏರಿದ್ದು ಕಡಿಮೆ ದರದ ಹಡಗಿನ ಪೆಟ್ಟಿಗೆ, ಇಳಿದದ್ದು ಕಲ್ಲಿದ್ದಲು. ಅದರೊಡನೆ ಡೀಸೆಲ್ ಬೆಲೆ ಇಳಿದು ಎಣ್ಣೆಯ ಮೇಲುದರವೂ ಇಳಿಯಿತು. ಗಿರಾಕಿಗಳ ತಲೆ ಎಣಿಸಿದರೆ ಸಾಲದು, ಯಾರು ಊಟಕ್ಕೆ ಕುಳಿತರು, ಯಾರು ಬರೀ ಚಹಾ ಕುಡಿದು ಹೋದರು ಎಂಬುದನ್ನೂ ನೋಡಬೇಕು.

ಎದುರಾಳಿ ಲಾರಿ. ಒಂದು ಟನ್ ಸಾಮಾನನ್ನು ದೂರ ಒಯ್ಯಲು ರೈಲಿಗೆ ಬೇಕಾಗುವ ಎಣ್ಣೆ ಲಾರಿಗಿಂತ ಬಹಳ ಕಡಿಮೆ. ಆದರೆ ಲಾರಿ ಹೇಳಿದ ಹೊತ್ತಿಗೆ, ಹೇಳಿದ ಬಾಗಿಲಿಗೆ ಬರುತ್ತದೆ. ಚಾಲಕನಿಲ್ಲದ ಲಾರಿಗಳ ಪ್ರಯೋಗವೂ ನಡೆದಿದೆ. ರೈಲು ಈ ಪೈಪೋಟಿಯಲ್ಲಿ ಗೆಲ್ಲಬೇಕಾದರೆ ಸೇವೆ ನಂಬುವಂತಿರಬೇಕು. ಸೇವೆ ನಂಬುವಂತಿರಬೇಕಾದರೆ ಕೈಯಲ್ಲಿ ಜನವಿರಬೇಕು. ಹೀಗೆ ತಿರುಗಿ ಮತ್ತೆ ಆ 20 ರೂಪಾಯಿಯ ಸಾಲಿಗೇ ಬರುತ್ತೇವೆ.

ಕಂಪೆನಿ ಹುಡುಕಿದ ದಾರಿ ಬೇರೆ. 2025ರ ಜುಲೈ ತಿಂಗಳಲ್ಲಿ ಅದು ಪೂರ್ವ ಭಾಗದ ನಾರ್ಫೋಕ್ ಸದರ್ನನ್ನು 8,500 ಕೋಟಿ ಡಾಲರ್ ಬೆಲೆಗೆ ಕೊಳ್ಳುವುದಾಗಿ ಸಾರಿತು. ಎರಡೂ ಕೂಡಿದರೆ 43 ರಾಜ್ಯಗಳಲ್ಲಿ 50 ಸಾವಿರ ಮೈಲಿಗೂ ಹೆಚ್ಚಿನ ಹಾದಿ. ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಒಂದೇ ಕಂಪೆನಿ. ಶಿಕಾಗೋದಂಥ ಊರುಗಳಲ್ಲಿ ವ್ಯಾಗನುಗಳನ್ನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಒಪ್ಪಿಸುವಾಗ ಆಗುವ ತಡ ತಪ್ಪುತ್ತದೆ, ಲಾರಿಯ ಸಾಮಾನು ರೈಲಿಗೆ ಬರುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹಿಂದಿನ ಅನುಭವವೂ ಉಂಟು. 1996ರಲ್ಲಿ ಸದರ್ನ್ ಪೆಸಿಫಿಕ್ಕನ್ನು ಸೇರಿಸಿಕೊಂಡ ಮರುವರ್ಷವೇ ಹ್ಯೂಸ್ಟನ್ ಸುತ್ತಮುತ್ತ ಗಾಡಿಗಳು ಒಂದರ ಹಿಂದೊಂದು ನಿಂತುಬಿಟ್ಟು, ಸರಕಾರ ತುರ್ತು ಆಜ್ಞೆ ಹೊರಡಿಸಬೇಕಾಯಿತು. ಅಂಥ ಅನುಭವಗಳಾದ ಮೇಲೆ, 2001ರಲ್ಲಿ, ದೊಡ್ಡ ಕಂಪೆನಿಗಳ ಕೂಡಿಕೆ ಪೈಪೋಟಿಯನ್ನು ಉಳಿಸಿದರೆ ಸಾಲದು, ಹೆಚ್ಚಿಸಬೇಕು ಎಂದು ಸಾರಿಗೆ ಮಂಡಳಿ ನಿಯಮ ಬಿಗಿ ಮಾಡಿತು.

ಈ ಕೂಡಿಕೆಯ ವಿಷಯದಲ್ಲಿ ಯೂನಿಯನ್ನುಗಳು ಒಡೆದವು. ಕೆಲಸ ಹೋಗುವುದಿಲ್ಲವೆಂಬ ಲಿಖಿತ ಭರವಸೆ ಪಡೆದು ಒಂದು ದೊಡ್ಡ ಯೂನಿಯನ್ ಬೆಂಬಲ ಕೊಟ್ಟಿತು. ಎಂಜಿನ್ ಚಾಲಕರ ಯೂನಿಯನ್ ಮೊದಲಾದವು ವಿರೋಧಿಸಿದವು. ಯಾರು ಸರಿ ಎಂದು ಇಲ್ಲಿ ಕುಳಿತು ನಾನು ತೀರ್ಪು ಕೊಡುವುದಿಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ: ಧಣಿ ಬದಲಾಗುವ ಮೊದಲು ಬರೆಸಿಕೊಂಡ ಭರವಸೆಗೆ ಬೆಲೆಯಿದೆ, ಬದಲಾದ ಮೇಲೆ ಕೇಳಿದ ಭರವಸೆಗೆ ಬೆಲೆ ಕಡಿಮೆ. ನಮ್ಮಲ್ಲಿ ಹೋಟೆಲು ಕೈ ಬದಲಾದಾಗ ಹಳೆಯ ಸರ್ವಿಸಿನ ಗತಿ ಏನಾಯಿತೆಂದು, ಗಿರಣಿಗಳು ಮುಚ್ಚಿ ನೆಲ ಮಾರಾಟವಾದಾಗ ಬಾಕಿಗಾಗಿ ಎಷ್ಟು ವರ್ಷ ಅಲೆಯಬೇಕಾಯಿತೆಂದು ಈ ಸಭೆಯಲ್ಲಿ ಬಲ್ಲವರಿದ್ದಾರೆ.

ಕೊನೆಯದಾಗಿ ನಮ್ಮ ದೇಶದ ಮಾತು. ನಮ್ಮ ರೈಲ್ವೆಯ ಖರ್ಚಿನ ಪ್ರಮಾಣ 2023-24ರಲ್ಲಿ ನೂರಕ್ಕೆ 98ನ್ನು ಮೀರಿತ್ತು. ಅಮೆರಿಕದ್ದು 60, ನಮ್ಮದು 98. ಆದುದರಿಂದ ನಮ್ಮವರು ದಡ್ಡರು ಎಂದು ಹೇಳುವವರುಂಟು. ಆ ಮಾತು ಅರ್ಧ ಲೆಕ್ಕ. ನಮ್ಮ ರೈಲ್ವೆಯ ಹುಟ್ಟುವಳಿಯಲ್ಲಿ ಮೂರರಲ್ಲಿ ಎರಡು ಪಾಲು ಬರುವುದು ಗೂಡ್ಸಿನಿಂದಲೇ. ಆ ಹಣ ಲೋಕಲಿನ ಪಾಸಿಗೂ, ಊರಿಗೆ ಹೋಗುವ ಎರಡನೆಯ ದರ್ಜೆಯ ಟಿಕೇಟಿಗೂ ಆಸರೆಯಾಗುತ್ತದೆ. ನಿವೃತ್ತರ ಪೆನ್ಶನ್ನೂ ಅದರಲ್ಲೇ ಆಗಬೇಕು. ಯೂನಿಯನ್ ಪೆಸಿಫಿಕ್ 1971ರಿಂದ ತನ್ನ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕನನ್ನೂ ಹೊತ್ತಿಲ್ಲ. ಹಾಗೆಂದು ನಮ್ಮ 98 ಸಂತೋಷಪಡುವ ಅಂಕೆಯೂ ಅಲ್ಲ. ಹಳಿಯ ದುರಸ್ತಿಗೆ, ಸುರಕ್ಷತೆಗೆ ಅದರಲ್ಲಿ ಉಳಿಯುವುದು ಬಹಳ ಕಡಿಮೆ. ದಾದ್ರಿಯಿಂದ ನಮ್ಮ ಜವಾಹರಲಾಲ್ ನೆಹರು ಬಂದರಿಗೆ 1,506 ಕಿಲೋಮೀಟರಿನ ಗೂಡ್ಸ್ ಹಾದಿಯನ್ನು ಬೇರೆಯಾಗಿಯೇ ಯೋಜಿಸಿದ್ದು, ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ಗಾಡಿಯ ಮೇಲೆ ಹತ್ತಿಸಿ ಸಾಗಿಸಿದ್ದು, ಇವೆಲ್ಲ ಲಾರಿಯ ಸಾಮಾನನ್ನು ಹಳಿಗೆ ತರುವ ಪ್ರಯತ್ನಗಳೇ. ಅವು ಗೆಲ್ಲಲಿ. ಆದರೆ ಗೆಲುವನ್ನು ಅಳೆಯಲು ಒಂದೇ ಅಂಕೆ ಸಾಲದು.

ಆದುದರಿಂದ ಯಾವ ಕಂಪೆನಿಯ ಲೆಕ್ಕ ಕೈಗೆ ಬಂದರೂ ನಾಲ್ಕು ಪ್ರಶ್ನೆ ಕೇಳಿರಿ. ಖರ್ಚು ಇಳಿದದ್ದು ಜಾಣತನದಿಂದಲೋ, ಜನರನ್ನು ಕಳೆದದ್ದರಿಂದಲೋ? ಗಿರಾಕಿಗೆ ಸೇವೆ ಹೆಚ್ಚಿತೋ, ಬರೀ ಬೆಲೆ ಹೆಚ್ಚಿತೋ? ಉಳಿದ ಹಣ ಯಂತ್ರಕ್ಕೆ, ಕೆಲಸಗಾರನಿಗೆ, ಷೇರುದಾರನಿಗೆ ಎಷ್ಟೆಷ್ಟು ಹೋಯಿತು? ಕೆಟ್ಟ ವರ್ಷ ಬಂದರೆ ತಡೆಯಲು ಏನಿದೆ, ಸಾಲ ಎಷ್ಟಿದೆ? ಈ ನಾಲ್ಕಕ್ಕೆ ಉತ್ತರ ಬರೆದಿಟ್ಟುಕೊಂಡ ಕೆಲಸಗಾರ ಮಾಲೀಕನ ಮುಂದೆ ಕುಳಿತಾಗ ಬೇಡುವವನಂತೆ ಕಾಣುವುದಿಲ್ಲ, ಮಾತನಾಡಲು ಬಂದವನಂತೆ ಕಾಣುತ್ತಾನೆ.

ನಮ್ಮ ರಾತ್ರಿಶಾಲೆಯಲ್ಲಿ ಓದು ಬರಹ, ಕೂಡು ಕಳೆ ಕಲಿಸುತ್ತಾರೆ. ಅದರ ಜೊತೆಗೆ ತಿಂಗಳಿಗೊಮ್ಮೆ ಒಂದು ಜಮಾಖರ್ಚನ್ನು ಮುಂದಿಟ್ಟುಕೊಂಡು ಓದುವ ಪದ್ಧತಿ ಹಾಕಿಕೊಳ್ಳೋಣ ಎಂದು ಸಂಘಕ್ಕೆ ಸೂಚಿಸುತ್ತೇನೆ. ಮೊದಲು ನಮ್ಮ ಸಂಘದ ಲೆಕ್ಕವನ್ನೇ ಓದೋಣ, ಆಮೇಲೆ ಇತರರದು.